ದವಡೆ ಕತ್ತರಿಸಿ, ಬೆಳ್ಳಿಯ ತಗಡಿನಲ್ಲಿ ನಿಲ್ಲಿಸಿದ ವೈದ್ಯ ಸೈಮನ್ ಹಲ್ಲಿಹೆನ್

ವಕ್ರವಾಗಿ ಬೆಳೆದ ದವಡೆಯನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ತರುವುದು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆ. ಆದರೆ ಈ ವಿದ್ಯೆಯ ನಿಜವಾದ ಪರೀಕ್ಷೆ ಕತ್ತರಿಸುವುದರಲ್ಲಿ ಇಲ್ಲ. ಕತ್ತರಿಸಿದ ಮೂಳೆ ಕೂಡಿಕೊಳ್ಳುವವರೆಗೆ ಒಂದಿಷ್ಟೂ ಕದಲದಂತೆ ಅದನ್ನು ಹಿಡಿದಿಡುವುದರಲ್ಲಿ ಇದೆ. ಈ ಪ್ರಶ್ನೆಯನ್ನು ಮೊದಲು ಎದುರಿಸಿ ಉತ್ತರ ಕಂಡುಕೊಂಡವರು ಅಮೆರಿಕದ ಒಂದು ನದೀತೀರದ ಪಟ್ಟಣದಲ್ಲಿದ್ದ ದಂತವೈದ್ಯ ಹಾಗೂ ಶಸ್ತ್ರವೈದ್ಯ ಸೈಮನ್ ಹಲ್ಲಿಹೆನ್. ಬಾಯಿಯ ಶಸ್ತ್ರಚಿಕಿತ್ಸೆಯ ಪಿತಾಮಹನೆಂದು ವೈದ್ಯಲೋಕ ಗೌರವಿಸುವ ಈ ವ್ಯಕ್ತಿ ಬದುಕಿದ್ದು ಕೇವಲ 46 ವರ್ಷ.

ಸುಣ್ಣದ ಗೂಡಿನ ಬೆಂಕಿ

ಹಲ್ಲಿಹೆನ್ ಹುಟ್ಟಿದ್ದು 1810ರ ಡಿಸೆಂಬರ್ 10ರಂದು, ಪೆನ್ಸಿಲ್ವೇನಿಯಾ ರಾಜ್ಯದ ನಾರ್ಥಂಬರ್ಲೆಂಡ್ ಜಿಲ್ಲೆಯಲ್ಲಿ. ಅದು ಕೃಷಿಯನ್ನೇ ನಂಬಿದ ಪ್ರದೇಶ. ಹೊಲಕ್ಕೂ ಗೋಡೆಗೂ ಬೇಕಾದ ಸುಣ್ಣವನ್ನು ಊರಿನ ಗೂಡುಗಳಲ್ಲೇ ಸುಡುತ್ತಿದ್ದ ಕಾಲ. ಒಂಬತ್ತು ವರ್ಷದ ಆಸುಪಾಸಿನಲ್ಲಿ ಬಾಲಕ ಸೈಮನ್ ಕಾದ ಸುಣ್ಣದ ಗೂಡಿನೊಳಗೆ ಬಿದ್ದ. ಎರಡೂ ಪಾದಗಳು ತೀವ್ರವಾಗಿ ಸುಟ್ಟುಹೋದವು. ಜೀವ ಉಳಿಯಿತು, ಆದರೆ ಆತ ದೀರ್ಘಕಾಲ ಹಾಸಿಗೆ ಹಿಡಿಯಬೇಕಾಯಿತು.

ಸುಟ್ಟಗಾಯ ಮಾಯುವ ಬಗೆಯನ್ನು ಬಲ್ಲವರಿಗೆ ಆ ದಿನಗಳ ಯಾತನೆ ಊಹಿಸಲು ಕಷ್ಟವಾಗದು. ಆಳವಾಗಿ ಸುಟ್ಟ ಚರ್ಮ ಮಾಯುತ್ತಾ ಬಂದಂತೆ ಬಿಗಿಯುತ್ತದೆ, ಕುಗ್ಗುತ್ತದೆ, ಸುತ್ತಲಿನ ಅಂಗವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಗಾಯ ಮುಚ್ಚಿತೆಂದು ಸಮಾಧಾನಪಡುವ ಹೊತ್ತಿಗೆ ಕಲೆ ತನ್ನ ಕೆಲಸ ಆರಂಭಿಸಿರುತ್ತದೆ. ಈ ಪಾಠವನ್ನು ಹಲ್ಲಿಹೆನ್ ತಮ್ಮ ಮೈಯಿಂದಲೇ ಕಲಿತರು. ಸುಮಾರು ಮೂರು ದಶಕಗಳ ನಂತರ, ಅವರ ಹೆಸರನ್ನು ವೈದ್ಯಕೀಯ ಇತಿಹಾಸಕ್ಕೆ ಸೇರಿಸಿದ ರೋಗಿಯೂ ಸುಟ್ಟಗಾಯದ ಕಲೆಯನ್ನೇ ಹೊತ್ತು ಅವರ ಬಾಗಿಲಿಗೆ ಬಂದದ್ದು ಕಾಕತಾಳೀಯವಾದರೂ ಗಮನಾರ್ಹ.

ನದೀತೀರದ ಪಟ್ಟಣ

1830ರ ದಶಕದ ಮಧ್ಯದಲ್ಲಿ ಹಲ್ಲಿಹೆನ್ ವೀಲಿಂಗ್ ಪಟ್ಟಣಕ್ಕೆ ಬಂದು ನೆಲೆಸಿದರು. ಓಹಾಯೊ ನದಿಯ ದಂಡೆಯಲ್ಲಿರುವ ಈ ಊರು ಆಗ ವರ್ಜೀನಿಯಾ ರಾಜ್ಯಕ್ಕೆ ಸೇರಿತ್ತು. ಅಂತರ್ಯುದ್ಧದ ನಡುವೆ 1863ರಲ್ಲಿ ಪಶ್ಚಿಮ ವರ್ಜೀನಿಯಾ ಪ್ರತ್ಯೇಕ ರಾಜ್ಯವಾದಾಗ ವೀಲಿಂಗ್ ಅದರ ಪಾಲಾಯಿತು. ಪೂರ್ವ ಕರಾವಳಿಯ ಕಡೆಯಿಂದ ಪಶ್ಚಿಮಕ್ಕೆ ಸಾಗುವ ರಾಷ್ಟ್ರೀಯ ರಸ್ತೆ 1818ರಲ್ಲೇ ಇಲ್ಲಿಗೆ ತಲುಪಿತ್ತು. ನದಿಯಲ್ಲಿ ಹಬೆ ದೋಣಿಗಳು, ದಡದಲ್ಲಿ ಕಬ್ಬಿಣದ ಕಾರ್ಖಾನೆಗಳು. ಮೊಳೆ ತಯಾರಿಕೆಗೆ ಮುಂದೆ ದೇಶವಿಡೀ ಹೆಸರಾದ ಊರು ಇದು.

ಅಂದಿನ ಅಮೆರಿಕದಲ್ಲಿ ದಂತವೈದ್ಯವೆಂಬುದು ಇನ್ನೂ ಗೌರವದ ವೃತ್ತಿಯಾಗಿರಲಿಲ್ಲ. ಕ್ಷೌರಿಕರು, ಕಮ್ಮಾರರು, ಊರೂರು ಅಲೆಯುವ ನಾಟಿ ಚಿಕಿತ್ಸಕರು ಹಲ್ಲು ಕೀಳುತ್ತಿದ್ದರು. ಶಸ್ತ್ರವೈದ್ಯರಿಗೆ ಬಾಯಿಯೊಳಗಿನ ಕೆಲಸ ಬೇಡವಾಗಿತ್ತು. ಹಲ್ಲಿನ ಕೆಲಸಗಾರರಿಗೆ ಶಸ್ತ್ರವಿದ್ಯೆ ತಿಳಿದಿರಲಿಲ್ಲ. ಹಲ್ಲಿಹೆನ್ ಈ ಎರಡರ ನಡುವಿನ ಖಾಲಿ ಜಾಗದಲ್ಲಿ ನಿಂತರು. ಸೀಳುತುಟಿ, ಸೀಳು ಅಂಗುಳ, ದವಡೆಯ ಗೆಡ್ಡೆ, ಬಾಯಿಯ ಕ್ಯಾನ್ಸರ್, ವಿಕಾರಗೊಂಡ ಮೂಗು ಮತ್ತು ತುಟಿ, ಮೆಳ್ಳೆಗಣ್ಣು, ಕಣ್ಣಿನ ಪೊರೆ ಹೀಗೆ ಮುಖಕ್ಕೆ ಸಂಬಂಧಿಸಿದ ಎಲ್ಲವನ್ನೂ ಅವರು ಕೈಗೆತ್ತಿಕೊಂಡರು. ಎರಡು ದಶಕಗಳಲ್ಲಿ ಅವರು ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ನೂರುಗಳ ಲೆಕ್ಕದಲ್ಲಿದೆ.

ದಂತವೈದ್ಯಕ್ಕೆ ಸಂಸ್ಥೆಯ ರೂಪ ಬರುತ್ತಿದ್ದುದೂ ಅದೇ ಕಾಲದಲ್ಲಿ. 1839ರಲ್ಲಿ ಈ ಕ್ಷೇತ್ರದ ಮೊದಲ ನಿಯತಕಾಲಿಕವಾದ ಅಮೆರಿಕನ್ ಜರ್ನಲ್ ಆಫ್ ಡೆಂಟಲ್ ಸೈನ್ಸ್ ಆರಂಭವಾಯಿತು. 1840ರಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಬಾಲ್ಟಿಮೋರ್‌ನಲ್ಲಿ ಸ್ಥಾಪನೆಯಾಯಿತು. ಹಲ್ಲಿಹೆನ್ ಆ ಪತ್ರಿಕೆಗೆ ನಿಯತವಾಗಿ ಬರೆದರು. ಬಾಲ್ಟಿಮೋರ್ ಕಾಲೇಜು ಅವರಿಗೆ ಗೌರವ ಪದವಿ ನೀಡಿತು. ಮುರಿದ ಹಲ್ಲಿನ ಬೇರನ್ನು ತಿರುಪಿನಿಂದ ಹಿಡಿದು ಹೊರತೆಗೆಯುವ ಇಕ್ಕಳವೊಂದನ್ನು ಅವರು ರೂಪಿಸಿದರು. ಅದು ಅವರ ಹೆಸರಿನಲ್ಲೇ ಬಳಕೆಗೆ ಬಂತು.

ಅವರ ಎಲ್ಲ ಪ್ರಯೋಗಗಳೂ ಗೆದ್ದವೆಂದಲ್ಲ. ಹಲ್ಲಿನ ಬೇರಿಗೆ ಒಸಡಿನ ಮೂಲಕ ಸಣ್ಣ ರಂಧ್ರ ಕೊರೆದು, ಒಳಗೆ ಒತ್ತಡ ತುಂಬಿದ ರಕ್ತಕ್ಕೆ ದಾರಿ ಮಾಡಿಕೊಟ್ಟರೆ, ನೋಯುವ ಹಲ್ಲನ್ನು ಜೀವಂತವಾಗಿ ಉಳಿಸಿ ತುಂಬಬಹುದೆಂದು 1852ರಲ್ಲಿ ಅವರು ಪ್ರತಿಪಾದಿಸಿದರು. ಕೆಲಕಾಲ ಆ ವಿಧಾನ ಜನಪ್ರಿಯವಾಯಿತು, ವಿವಾದಕ್ಕೂ ಒಳಗಾಯಿತು, ಬಳಿಕ ಮರೆಯಾಯಿತು. ಅವರ ಹೆಸರನ್ನು ಉಳಿಸಿದ್ದು ಬೇರೆಯೇ ಒಂದು ಕೆಲಸ.

ಯುವತಿಯ ಸಂಕಟ

1848ರ ವಸಂತದಲ್ಲಿ ಇಪ್ಪತ್ತು ವರ್ಷದ ಯುವತಿಯೊಬ್ಬಳು ಹಲ್ಲಿಹೆನ್ ಅವರ ಬಳಿಗೆ ಬಂದಳು. ಐದು ವರ್ಷದ ಮಗುವಾಗಿದ್ದಾಗ ಆಕೆಯ ಕತ್ತು ಮತ್ತು ಮುಖದ ಕೆಳಭಾಗ ಸುಟ್ಟುಹೋಗಿತ್ತು. ಹದಿನೈದು ವರ್ಷಗಳ ಕಾಲ ಕತ್ತಿನ ಕಲೆ ಬಿಡದೆ ಎಳೆಯಿತು. ತಲೆ ಮುಂದಕ್ಕೆ ಬಾಗಿತು. ಗಲ್ಲ ಎದೆಯ ಮೂಳೆಯ ಸಮೀಪಕ್ಕೆ ಬಂದು ನಿಂತಿತು. ಕೆಳತುಟಿ ಹೊರಮಡಿಚಿ ಜೋತುಬಿತ್ತು. ತಲೆಯನ್ನು ಅತ್ತಿತ್ತ ತಿರುಗಿಸಲು ಆಗುತ್ತಿರಲಿಲ್ಲ. ತುಟಿ ಮುಚ್ಚಲಾಗದು, ಜೊಲ್ಲು ನಿಲ್ಲದು, ಮಾತು ಸ್ಪಷ್ಟವಾಗದು.

ಇಷ್ಟಕ್ಕೇ ಮುಗಿದಿರಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮೂಳೆ ಮೃದುವಾಗಿರುತ್ತದೆ. ಯಾವ ಕಡೆಯಿಂದ ಎಳೆತವಿದೆಯೋ ಆ ಕಡೆಗೆ ಬಾಗುತ್ತದೆ. ಕಲೆಯ ನಿರಂತರ ಎಳೆತಕ್ಕೆ ಆಕೆಯ ಕೆಳದವಡೆಯೇ ಉದ್ದವಾಗಿ, ಹಲ್ಲುಗಳ ಮುಂಭಾಗ ಮೇಲ್ದವಡೆಯನ್ನು ದಾಟಿ ಒಂದು ಅಂಗುಲಕ್ಕೂ ಹೆಚ್ಚು ಹೊರಚಾಚಿತ್ತು. ಚರ್ಮ ಮಾತ್ರ ಬಿಡಿಸಿದ್ದರೆ ಕತ್ತು ಮೇಲೇಳುತ್ತಿತ್ತು, ಆದರೆ ಬಾಯಿ ಮುಚ್ಚುತ್ತಿರಲಿಲ್ಲ. ಆಕೆ ಅದಕ್ಕೂ ಮುಂಚೆ ಬೇರೆಡೆ ಚಿಕಿತ್ಸೆ ಪಡೆದಿದ್ದರೂ ಪ್ರಯೋಜನವಾಗಿರಲಿಲ್ಲ.

ಹಲ್ಲಿಹೆನ್ ತೊಂದರೆಯನ್ನು ಮೂರು ಭಾಗವಾಗಿ ಒಡೆದರು. ಮೊದಲು ಉದ್ದವಾದ ದವಡೆಯನ್ನು ಚಿಕ್ಕದು ಮಾಡುವುದು. ನಂತರ ಕತ್ತಿನ ಕಲೆಯನ್ನು ಬಿಡಿಸಿ ಅಲ್ಲಿಗೆ ಹೊಸ ಚರ್ಮ ಒದಗಿಸುವುದು. ಕೊನೆಗೆ ತುಟಿಯನ್ನು ಸರಿಪಡಿಸುವುದು. ಎರಡನೆಯ ಮತ್ತು ಮೂರನೆಯ ಹಂತಕ್ಕೆ ಆ ಕಾಲದ ಶಸ್ತ್ರವೈದ್ಯರಲ್ಲಿ ಒಂದಿಷ್ಟು ಅನುಭವವಿತ್ತು. ಮೊದಲನೆಯದಕ್ಕೆ ಮಾದರಿಯೇ ಇರಲಿಲ್ಲ. ಮುಖದ ವಿಕಾರವನ್ನು ಸರಿಪಡಿಸಲು ದವಡೆಯನ್ನು ಕತ್ತರಿಸಿ ಮತ್ತೆ ಕೂಡಿಸಿದ ಉದಾಹರಣೆ ವೈದ್ಯಕೀಯ ದಾಖಲೆಗಳಲ್ಲಿ ಅದುವರೆಗೆ ಕಾಣಿಸಿರಲಿಲ್ಲ.

ಮೊದಲು ಗರಗಸ, ನಂತರ ಬೆಳ್ಳಿ

ಸೋಂಕು ತಡೆಯುವ ಶಸ್ತ್ರಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಲು ಇನ್ನೂ ಎರಡು ದಶಕ ಕಾಯಬೇಕಿತ್ತು. ಅದು ಬಂದದ್ದು 1867ರಲ್ಲಿ. ಎಕ್ಸ್‌ರೇ ಪತ್ತೆಯಾದದ್ದು 1895ರಲ್ಲಿ. ಪ್ರತಿಜೀವಕ ಔಷಧಗಳು 20ನೆಯ ಶತಮಾನದ ಕೊಡುಗೆ. ಇವು ಯಾವುವೂ ಇಲ್ಲದೆ, ಕಣ್ಣು ಮತ್ತು ಬೆರಳಿನ ಅಂದಾಜನ್ನೇ ನಂಬಿ, 1848ರಲ್ಲಿ ಹಲ್ಲಿಹೆನ್ ಸಣ್ಣ ಗರಗಸ ಹಿಡಿದರು.

ಅವರ ಯೋಜನೆಯಲ್ಲಿ ಒಂದು ಜಾಣತನವಿತ್ತು. ದವಡೆಯನ್ನು ಅವರು ಅಡ್ಡಲಾಗಿ ತುಂಡರಿಸಲಿಲ್ಲ. ಎರಡೂ ಪಕ್ಕಗಳಲ್ಲಿ ಮೇಲಿನಿಂದ ವಿ ಅಕ್ಷರದ ಆಕಾರದಲ್ಲಿ ಮೂಳೆಯ ಒಂದೊಂದು ತುಣುಕು ತೆಗೆದರು. ಬಳಿಕ ಹಲ್ಲಿನ ಬೇರುಗಳ ಕೆಳಗೆ ಗರಗಸವನ್ನು ಅಡ್ಡ ಓಡಿಸಿ, ಮುಂಭಾಗದ ಹಲ್ಲುಗಳನ್ನು ಹೊತ್ತ ಮೂಳೆಯನ್ನು ಮಾತ್ರ ಬಿಡಿಸಿಕೊಂಡರು. ದವಡೆಯ ಕೆಳ ಅಂಚು ಅಖಂಡವಾಗಿ ಉಳಿಯಿತು. ಬಿಡಿಸಿದ ಭಾಗವನ್ನು ಹಿಂದಕ್ಕೆ ಸರಿಸಿದಾಗ ಪಕ್ಕದ ಖಾಲಿ ಜಾಗಗಳು ಮುಚ್ಚಿಕೊಂಡವು. ಮನೆಯ ಅಡಿಪಾಯ ಕದಲಿಸದೆ ಮೇಲಿನ ಗೋಡೆಯನ್ನಷ್ಟೇ ಹಿಂದಕ್ಕೆ ಸರಿಸಿದಂತೆ.

ಆದರೆ ಸರಿಸಿದ ಮೂಳೆ ಅಲ್ಲೇ ನಿಲ್ಲಬೇಕು. ದವಡೆಯನ್ನು ಹದಿನೈದು ವರ್ಷ ಎಳೆದು ವಿಕಾರಗೊಳಿಸಿದ ಕತ್ತಿನ ಕಲೆ ಆ ಹಂತದಲ್ಲಿ ಇನ್ನೂ ಅಲ್ಲೇ ಇತ್ತು. ನಾಲಿಗೆ ಒಳಗಿನಿಂದ ತಳ್ಳುತ್ತದೆ. ಗಲ್ಲದ ಕೆಳಗಿನ ಸ್ನಾಯುಗಳು ಹಿಂದಕ್ಕೂ ಕೆಳಕ್ಕೂ ಎಳೆಯುತ್ತವೆ. ನುಂಗುವಾಗ, ಮಾತನಾಡುವಾಗ, ನಿದ್ದೆಯಲ್ಲಿ ಹಲ್ಲು ಕಚ್ಚುವಾಗ ಬಲಗಳು ಬದಲಾಗುತ್ತಲೇ ಇರುತ್ತವೆ. ಕೈ ಮುರಿದರೆ ಕಟ್ಟು ಹಾಕಿ ತೂಗುಬಿಡಬಹುದು. ಬಾಯಿಗೆ ಅಂಥ ವಿಶ್ರಾಂತಿಯಿಲ್ಲ. ಕತ್ತರಿಸಿದ ಎರಡು ಅಂಚುಗಳ ನಡುವೆ ಚಲನೆ ಹೆಚ್ಚಾದರೆ ಅಲ್ಲಿ ಗಟ್ಟಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ದವಡೆ ಸಡಿಲವಾಗಿಯೇ ಉಳಿಯುತ್ತದೆ, ಇಲ್ಲವೇ ಹಳೆಯ ಜಾಗಕ್ಕೆ ಜಾರುತ್ತದೆ. ಯುವತಿಯ ಯಾತನೆಯೆಲ್ಲ ವ್ಯರ್ಥವಾಗುತ್ತಿತ್ತು.

ಇಲ್ಲಿ ಹಲ್ಲಿಹೆನ್ ಅವರೊಳಗಿನ ದಂತವೈದ್ಯ ನೆರವಿಗೆ ಬಂದ. ಸರಿಸಿದ ಸ್ಥಿತಿಯಲ್ಲೇ ದವಡೆಯ ಅಚ್ಚನ್ನು ಮೃದುಗೊಳಿಸಿದ ಮೇಣದಲ್ಲಿ ತೆಗೆದರು. ಅದರಿಂದ ಮಾದರಿ ಎರಕ ಹೊಯ್ದು, ಆ ಮಾದರಿಯ ಮೇಲೆ ಬೆಳ್ಳಿಯ ತಗಡನ್ನು ರೂಪಿಸಿದರು. ಹಲ್ಲುಗಳಿಗೂ ಒಸಡಿಗೂ ಕವಚದಂತೆ ಕೂರುವ ಆ ತಗಡು ಕತ್ತರಿಸಿದ ಭಾಗವನ್ನೂ ಕತ್ತರಿಸದ ಭಾಗವನ್ನೂ ಒಂದಾಗಿ ಹಿಡಿಯಿತು. ಕೃತಕ ಹಲ್ಲಿನ ಕಟ್ಟು ಮಾಡುವ ಕುಶಲತೆ ಮೂಳೆ ಕೂಡಿಸುವ ಕೆಲಸಕ್ಕೆ ಬಂದಿತ್ತು. ಹಲ್ಲಿನ ಕೆಲಸ ತಿಳಿಯದ ಶಸ್ತ್ರವೈದ್ಯನಿಗೆ ಇದು ಹೊಳೆಯುತ್ತಿರಲಿಲ್ಲ. ಶಸ್ತ್ರ ಹಿಡಿಯದ ದಂತವೈದ್ಯನಿಗೆ ಅವಕಾಶವೇ ಬರುತ್ತಿರಲಿಲ್ಲ.

ಮೂಳೆ ಕೂಡಿಕೊಂಡಿತು. ಬಳಿಕ ಕತ್ತಿನ ಕಲೆಯನ್ನು ಬಿಡಿಸಿ ಸಮೀಪದ ಆರೋಗ್ಯವಂತ ಚರ್ಮವನ್ನು ಅಲ್ಲಿಗೆ ತಿರುಗಿಸಿ ಹೊಲಿದರು. ಕೊನೆಗೆ ತುಟಿಯನ್ನು ಮೇಲೆತ್ತಿ ಕೂರಿಸಿದರು. ಯುವತಿ ತಲೆ ಎತ್ತಿದಳು, ಬಾಯಿ ಮುಚ್ಚಿದಳು. 1849ರಲ್ಲಿ ಅಮೆರಿಕನ್ ಜರ್ನಲ್ ಆಫ್ ಡೆಂಟಲ್ ಸೈನ್ಸ್‌ನಲ್ಲಿ ಈ ವರದಿ ಪ್ರಕಟವಾಯಿತು. ದವಡೆಯ ವಿಕಾರ ತಿದ್ದುವ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಇಂದಿಗೂ ಈ ವರದಿಯಿಂದಲೇ ಆರಂಭಿಸುತ್ತಾರೆ.

ಸೇತುವೆ ಮತ್ತು ಆಸ್ಪತ್ರೆ

ಅದೇ 1849ರಲ್ಲಿ ವೀಲಿಂಗ್‌ಗೆ ಇನ್ನೊಂದು ಕೀರ್ತಿ ಬಂತು. ಚಾರ್ಲ್ಸ್ ಎಲೆಟ್ ಎಂಬ ಎಂಜಿನಿಯರ್ ಓಹಾಯೊ ನದಿಯ ಮೇಲೆ 1,010 ಅಡಿಗಳ ತೂಗುಸೇತುವೆ ಕಟ್ಟಿ ಮುಗಿಸಿದರು. ಅಂದಿಗೆ ಅದು ಜಗತ್ತಿನ ಅತಿ ಉದ್ದದ ತೂಗುಸೇತುವೆ. ಐದೇ ವರ್ಷಗಳಲ್ಲಿ, 1854ರ ಮೇ ತಿಂಗಳಲ್ಲಿ, ಬಿರುಗಾಳಿಗೆ ಅದರ ಹಾಸು ತೊಯ್ದಾಡಿ ನದಿಗೆ ಕುಸಿಯಿತು. ಭಾರ ಹೊರಬಲ್ಲದ್ದೆಲ್ಲ ಅಲುಗಾಟವನ್ನೂ ತಾಳಬಲ್ಲದು ಎಂಬ ನಂಬಿಕೆ ಸುಳ್ಳಾಯಿತು. ಸೇತುವೆಯನ್ನು ಮತ್ತೆ ಕಟ್ಟಲಾಯಿತು. ಅದು ಇಂದಿಗೂ ನಿಂತಿದೆ. ದವಡೆಯ ವೈದ್ಯರಿಗೆ ಇದೇ ಪಾಠ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು.

ಹಲ್ಲಿಹೆನ್ ಅವರ ಚಿಂತೆ ಆಗ ಬೇರೆಯಾಗಿತ್ತು. ದೂರದಿಂದ ಬರುವ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಬಳಿಕ ವಾರಗಟ್ಟಲೆ ಆರೈಕೆ ಬೇಕು. ಪಟ್ಟಣದಲ್ಲಿ ಅದಕ್ಕೆ ತಕ್ಕ ಆಸ್ಪತ್ರೆ ಇರಲಿಲ್ಲ. ಕ್ಯಾಥೊಲಿಕ್ ಬಿಷಪ್ ರಿಚರ್ಡ್ ವೀಲನ್ ಅವರೊಂದಿಗೆ ಕೈಜೋಡಿಸಿ ಹಲ್ಲಿಹೆನ್ ಆಸ್ಪತ್ರೆಗಾಗಿ ದುಡಿದರು. 1850ರಲ್ಲಿ ವರ್ಜೀನಿಯಾದ ಶಾಸನಸಭೆ ವೀಲಿಂಗ್ ಆಸ್ಪತ್ರೆಗೆ ಅನುಮತಿ ನೀಡಿತು. 1853ರಲ್ಲಿ ಸೇಂಟ್ ಜೋಸೆಫ್ ಸಂಘದ ಸನ್ಯಾಸಿನಿಯರು ಬಂದು ಶುಶ್ರೂಷೆಯ ಹೊಣೆ ಹೊತ್ತರು. ಅಂತರ್ಯುದ್ಧದ ಗಾಯಾಳುಗಳು ಇಲ್ಲಿ ಚಿಕಿತ್ಸೆ ಪಡೆದರು. ಆ ಹೆಸರಿನ ಆಸ್ಪತ್ರೆ ವೀಲಿಂಗ್‌ನಲ್ಲಿ ಈಗಲೂ ನಡೆಯುತ್ತಿದೆ.

ಅದರ ಬೆಳವಣಿಗೆಯನ್ನು ನೋಡುವ ಭಾಗ್ಯ ಹಲ್ಲಿಹೆನ್ ಅವರಿಗೆ ಇರಲಿಲ್ಲ. 1857ರ ಮಾರ್ಚ್‌ನಲ್ಲಿ ನ್ಯುಮೋನಿಯಾಕ್ಕೆ ತುತ್ತಾಗಿ ಅವರು ತೀರಿಕೊಂಡರು. ಅವರ ದವಡೆ ಶಸ್ತ್ರಚಿಕಿತ್ಸೆ ಬಹುಕಾಲ ಒಂಟಿಯಾಗಿಯೇ ಉಳಿಯಿತು. ವರದಿಯನ್ನು ಓದಿದವರು ಮೆಚ್ಚಿದರು, ಆದರೆ ಹಿಂಬಾಲಿಸಿದವರು ವಿರಳ.

ಹಿಡಿದಿಡುವ ಪ್ರಶ್ನೆ ಬೆಳೆದ ಬಗೆ

19ನೆಯ ಶತಮಾನದ ಕೊನೆಯಲ್ಲಿ ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ವಿಲ್ರೇ ಬ್ಲೇರ್ ಮುಂಚಾಚಿದ ಕೆಳದವಡೆಯನ್ನು ಪೂರ್ತಿ ಕತ್ತರಿಸಿ ಹಿಂದಕ್ಕೆ ಸರಿಸಿದರು. ಅವರ ಜತೆಗಿದ್ದವರು ಹಲ್ಲು ನೇರಮಾಡುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟ ಎಡ್ವರ್ಡ್ ಆ್ಯಂಗಲ್. ಶಸ್ತ್ರವೈದ್ಯ ಮತ್ತು ದಂತವೈದ್ಯ ಎಂಬ ಎರಡು ಪಾತ್ರಗಳನ್ನು ಹಲ್ಲಿಹೆನ್ ಒಬ್ಬರೇ ನಿರ್ವಹಿಸಿದ್ದರು. ಇಲ್ಲಿ ಇಬ್ಬರು ಹಂಚಿಕೊಂಡರು. ಮೂಳೆ ಕತ್ತರಿಸುವುದು, ಹೊಸ ಜಾಗಕ್ಕೆ ತರುವುದು, ಅಲ್ಲೇ ಹಿಡಿದಿಡುವುದು ಎಂಬ ಮೂರು ಕೆಲಸಗಳಲ್ಲಿ ಮೂರನೆಯದೇ ಕಠಿಣವೆಂಬುದು ಬ್ಲೇರ್ ಅವರಿಗೂ ಮನವರಿಕೆಯಾಯಿತು.

ಹಲ್ಲಿಗೆ ಕೂರಿಸುವ ತಗಡಿಗೆ ಒಂದು ಮಿತಿಯಿದೆ. ಅದು ಹಿಡಿಯುವುದು ಹಲ್ಲನ್ನು, ಮೂಳೆಯನ್ನಲ್ಲ. ದಿನಗಳೆದಂತೆ ಹಲ್ಲು ಸ್ವಲ್ಪ ಸರಿಯುತ್ತದೆ. ಹಲ್ಲಿನ ಸಾಲು ಸರಿಯಾಗಿ ಕಂಡರೂ ಒಳಗಿನ ಮೂಳೆ ತಿರುಗಿರಬಹುದು. ಇದಕ್ಕೆ ಪರಿಹಾರವಾಗಿ ಮೂಳೆಗೆ ರಂಧ್ರ ಕೊರೆದು ಉಕ್ಕಿನ ತಂತಿಯಿಂದ ಬಿಗಿದು, ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಒಂದಕ್ಕೊಂದು ಕಟ್ಟುವ ಕ್ರಮ ಬಂತು. ರೋಗಿ ಸುಮಾರು ಆರು ವಾರ ಬಾಯಿ ತೆರೆಯುವಂತಿರಲಿಲ್ಲ. ದ್ರವಾಹಾರವೇ ಗತಿ. ತೂಕ ಇಳಿಯುತ್ತಿತ್ತು, ವಾಂತಿಯಾದರೆ ಉಸಿರಿಗೇ ಅಪಾಯ. ಇಷ್ಟಾದರೂ ತಂತಿ ಎಳೆತವನ್ನು ಮಾತ್ರ ತಡೆಯುತ್ತದೆ. ತಿರುಚುವಿಕೆಯನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹೀಗಾಗಿ ಮೊದಲ ವಾರಗಳಲ್ಲೇ ದವಡೆ ಭಾಗಶಃ ಹಿಂದಿನ ಸ್ಥಿತಿಗೆ ಮರಳುವ ಪ್ರಸಂಗಗಳು ಕಂಡುಬರುತ್ತಿದ್ದವು.

1950ರ ದಶಕದಲ್ಲಿ ರಿಚರ್ಡ್ ಟ್ರೌನರ್ ಮತ್ತು ಹ್ಯೂಗೊ ಓಬ್ವೆಗೆಸರ್ ಕೆಳದವಡೆಯ ಹಿಂಭಾಗವನ್ನು ಅಡ್ಡ ಕತ್ತರಿಸುವ ಬದಲು ಉದ್ದಕ್ಕೆ ಸೀಳುವ ವಿಧಾನ ಪ್ರಕಟಿಸಿದರು. ಸೀಳಿದ ಎರಡು ಪದರಗಳು ಒಂದರ ಮೇಲೊಂದು ಜಾರುವುದರಿಂದ ಮೂಳೆಗೆ ಮೂಳೆ ತಾಗುವ ಜಾಗ ವಿಶಾಲವಾಯಿತು, ಕೂಡುವಿಕೆ ಖಚಿತವಾಯಿತು. 1968ರಲ್ಲಿ ಜರ್ಮನಿಯ ಹಾನ್ಸ್ ಲೂರ್ ದವಡೆಗೆ ತಕ್ಕ ಲೋಹದ ಪಟ್ಟಿ ಮತ್ತು ತಿರುಪುಗಳನ್ನು ಪರಿಚಯಿಸಿದರು. 1974ರಲ್ಲಿ ಬರ್ನ್ಡ್ ಶ್ಪೀಸೆಲ್ ಸೀಳಿದ ಪದರಗಳನ್ನು ತಿರುಪಿನಿಂದಲೇ ಬಿಗಿಯುವ ಕ್ರಮ ತಂದರು. ಅದೇ ದಶಕದಲ್ಲಿ ಫ್ರಾನ್ಸ್‌ನ ಮಿಶೆಲೆ ಮತ್ತು ಶಾಂಪಿ ಬಾಯಿಯೊಳಗಿನಿಂದಲೇ ಕೂರಿಸಬಹುದಾದ ಕಿರುಪಟ್ಟಿಗಳನ್ನು ಬಳಕೆಗೆ ತಂದರು. ಪಟ್ಟಿ ದಪ್ಪವಾಗಿರಬೇಕಿಲ್ಲ, ಎಳೆತ ಬೀಳುವ ರೇಖೆಯ ಮೇಲೆ ಕೂತರೆ ಸಾಕೆಂಬುದು ಶಾಂಪಿ ಅವರ ಸಂಶೋಧನೆಯ ಸಾರ.

ಇಂದಿನ ಲೆಕ್ಕಾಚಾರ

ಈಗ ಹೆಚ್ಚಾಗಿ ಬಳಸುವುದು ಟೈಟೇನಿಯಂ ಪಟ್ಟಿಗಳನ್ನು. ದೇಹ ಅವನ್ನು ತಿರಸ್ಕರಿಸುವುದು ಅಪರೂಪ. ರೋಗಿ ಕೆಲವೇ ದಿನಗಳಲ್ಲಿ ಬಾಯಿ ತೆರೆಯುತ್ತಾನೆ, ಮೆತ್ತನೆಯ ಆಹಾರ ಸೇವಿಸುತ್ತಾನೆ. ಕೆಳದವಡೆಯ ಸೀಳಿಕೆಗೆ ಎರಡೂ ಪದರಗಳನ್ನು ಹಾದುಹೋಗುವ ತಿರುಪುಗಳು ಹೆಚ್ಚು ಬಿಗಿ. ಆದರೆ ಪದರಗಳನ್ನು ವಿಪರೀತ ಬಿಗಿದರೆ ನಡುವಿನ ನರ ಜಜ್ಜಿ ತುಟಿ ಜೋಮುಗಟ್ಟಬಹುದು, ಕಿವಿಯ ಬಳಿಯ ಕೀಲು ತಿರುಚಬಹುದು. ಆದ್ದರಿಂದ ಅನೇಕರು ಪಟ್ಟಿಗಳನ್ನೇ ಆರಿಸುತ್ತಾರೆ. ದೇಹದಲ್ಲೇ ಕ್ರಮೇಣ ಕರಗುವ ಪಟ್ಟಿಗಳೂ 1990ರ ದಶಕದಿಂದ ಬಳಕೆಯಲ್ಲಿವೆ. ಅವನ್ನು ಮತ್ತೆ ತೆಗೆಯುವ ಅಗತ್ಯವಿಲ್ಲ. ಆದರೆ ಗಟ್ಟಿತನದಲ್ಲಿ ಲೋಹಕ್ಕೆ ಸಮವಲ್ಲ, ಬೆಲೆಯೂ ಹೆಚ್ಚು.

ಪಟ್ಟಿ ಎಷ್ಟೇ ಗಟ್ಟಿಯಿದ್ದರೂ ದವಡೆ ಚಲಿಸಿದ ದಿಕ್ಕು ಮುಖ್ಯವೆಂದು ಅಮೆರಿಕದ ವಿಲಿಯಂ ಪ್ರಾಫಿಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿಕೊಟ್ಟರು. ಮೇಲ್ದವಡೆಯನ್ನು ಮೇಲಕ್ಕೆ ಸರಿಸಿದರೆ ಅದು ಅತ್ಯಂತ ಸ್ಥಿರ. ಕೆಳದವಡೆಯನ್ನು ಮುಂದಕ್ಕೆ ತರುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಮೇಲ್ದವಡೆಯನ್ನು ಕೆಳಕ್ಕಿಳಿಸಿದರೆ, ಅಗಲಗೊಳಿಸಿದರೆ, ಅಥವಾ ಕೆಳದವಡೆಯೊಂದನ್ನೇ ಹಿಂದಕ್ಕೆ ಸರಿಸಿದರೆ ಮರಳುವ ಸಂಭವ ಹೆಚ್ಚು. ಸ್ನಾಯುಗಳು, ಕೀಲು, ಚರ್ಮ ತಮ್ಮ ಹಳೆಯ ಉದ್ದವನ್ನು ಸುಲಭವಾಗಿ ಮರೆಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ಕೇಳಬೇಕಾದ ಮುಖ್ಯ ಪ್ರಶ್ನೆಯೂ ಇದೇ: ದವಡೆ ಯಾವ ದಿಕ್ಕಿಗೆ ಸರಿಯುತ್ತದೆ, ಅದನ್ನು ಯಾವುದು ಹಿಡಿದಿಡುತ್ತದೆ?

ಸೈಮನ್ ಹಲ್ಲಿಹೆನ್ ಈ ಲೆಕ್ಕಗಳನ್ನು ಕಾಣದೆ ಹೋದರು. ಆದರೆ ಗರಗಸ ಹಿಡಿದ ದಿನವೇ ಅವರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ದವಡೆಯ ಕೆಳ ಅಂಚನ್ನು ಕತ್ತರಿಸದೆ ಉಳಿಸಿದ್ದರಲ್ಲಿ, ಬೆಳ್ಳಿಯ ತಗಡನ್ನು ಅಚ್ಚಿನ ಮೇಲೆ ಅಳತೆಗೆ ತಕ್ಕಂತೆ ರೂಪಿಸಿದ್ದರಲ್ಲಿ, ಕತ್ತಿನ ಎಳೆತವನ್ನು ಆಮೇಲೆ ಬಿಡಿಸಿದ್ದರಲ್ಲಿ ಅದರ ಉತ್ತರವಿದೆ. ಹದಿನೈದು ವರ್ಷ ನೆಲವನ್ನೇ ನೋಡುತ್ತಿದ್ದ ಯುವತಿಯೊಬ್ಬಳು ತಲೆ ಎತ್ತಿ ಎದುರಿನವರ ಮುಖ ನೋಡುವಂತಾದಳು.